ಶುಗರ್ ಅಮ್ಮನಿಗೆ, ಪಥ್ಯ ಯಾರಿಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿಗೆ ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಊಟ ಆಯ್ತಾ?

ಈ ಪ್ರಶ್ನೆಯನ್ನ ನಾವು ದಿನಕ್ಕೆ ಹತ್ತು ಸಲ ಕೇಳ್ತೀವಿ. ಫೋನ್ ಎತ್ತಿದ ತಕ್ಷಣ ಅದೇ ಮೊದಲ ಮಾತು. ಇವತ್ತಿನ ಸಂಚಿಕೆಗೆ ತಯಾರಿ ಮಾಡ್ಕೊಳ್ತಾ ನನಗೆ ಒಂದು ವಿಷಯ ಹೊಳೀತು. ನಮ್ಮ ಮನೆಯಲ್ಲಿ ಈ ಪ್ರಶ್ನೆಯನ್ನ ಎಲ್ಲರಿಗೂ ಕೇಳ್ತಾ ಇದ್ದದ್ದು ಅಮ್ಮ. ಅಮ್ಮನಿಗೆ ಕೇಳೋರು ಯಾರೂ ಇರಲಿಲ್ಲ. ಅದು ಒಂದು ದಿನ ನಮಗೆ ಎಷ್ಟು ದುಬಾರಿ ಆಗ್ತಿತ್ತು ಅನ್ನೋದೇ ಇವತ್ತಿನ ಕಥೆ.

ಎರಡು ವರ್ಷದ ಹಿಂದಿನ ಮಾತು. ಶ್ರಾವಣದ ಎರಡನೇ ಶನಿವಾರ. ನಮ್ಮದು ತುಮಕೂರು. ನಮ್ಮ ಕಡೆ ಶ್ರಾವಣ ಶನಿವಾರ ಅಂದ್ರೆ ಗೊತ್ತಲ್ಲ, ಮನೆಯೆಲ್ಲಾ ತೊಳೆದು, ಪೂಜೆ ಮುಗಿಸಿ, ದೇವಸ್ಥಾನಕ್ಕೆ ಹೋಗಿ ಬಂದ ಮೇಲೇ ಊಟ. ಅಮ್ಮ ಅವತ್ತು ಒಪ್ಪತ್ತು. ಬೆಳಿಗ್ಗೆ ಒಂದು ಲೋಟ ಕಾಫಿ ಬಿಟ್ಟರೆ ಹೊಟ್ಟೆಗೆ ಏನೂ ಇಲ್ಲ. ಆದರೆ ಶುಗರ್ ಮಾತ್ರೆ ತಪ್ಪಿಸಿರಲಿಲ್ಲ. "ಮಾತ್ರೆ ಒಂದು ದಿನಾನೂ ಬಿಡಬೇಡಿ ಅಂತ ಡಾಕ್ಟ್ರು ಹೇಳಿದ್ದಾರೆ" ಅಂತ ಏಳೂವರೆಗೇ ನುಂಗಿದ್ದರು.

ಹನ್ನೊಂದೂವರೆ ಹೊತ್ತಿಗೆ ಅಡುಗೆ ಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯ್ತು. ಹೋಗಿ ನೋಡಿದ್ರೆ ಅಮ್ಮ ನೆಲದ ಮೇಲೆ ಕೂತಿದ್ದಾರೆ. ಮೈಯೆಲ್ಲಾ ಬೆವರು, ಕೈ ನಡುಕ. ಏನಾಯ್ತಮ್ಮ ಅಂದ್ರೆ ಸಂಬಂಧವೇ ಇಲ್ಲದ ಉತ್ತರ. ಮಾತು ತೊದಲ್ತಾ ಇದೆ. ನಾನು ಅಂದ್ಕೊಂಡಿದ್ದು ಏನು ಗೊತ್ತಾ? ಶುಗರ್ ಜಾಸ್ತಿ ಆಗಿದೆ ಅಂತ. ಶುಗರ್ ಕಾಯಿಲೆ ಅಂದ್ರೆ ಶುಗರ್ ಏರೋದು ಅಷ್ಟೇ ಅಂತ ನನ್ನ ತಲೆಯಲ್ಲಿತ್ತು. ಹಾಗಾಗಿ ಬರೀ ನೀರು ಕುಡಿಸ್ತಾ ಕೂತಿದ್ದೆ.

ಪುಣ್ಯಕ್ಕೆ ಎದುರು ಮನೆಯ ಅಕ್ಕ ನರ್ಸ್. ನನ್ನ ತಂಗಿ ಓಡಿ ಹೋಗಿ ಕರ್ಕೊಂಡು ಬಂದಳು. ಅವರು ಗ್ಲುಕೋಮೀಟರ್ ಹಾಕಿ ನೋಡಿದ್ರೆ 52. "ಏನ್ ನೋಡ್ತಾ ನಿಂತಿದ್ದೀಯೋ, ಸಕ್ಕರೆ ತಗೊಂಡು ಬಾ" ಅಂದ್ರು. ಮೂರು ಚಮಚ ಸಕ್ಕರೆಯನ್ನ ನೀರಲ್ಲಿ ಕದಡಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿದ್ರು. ಕಾಲು ಗಂಟೆ ಬಿಟ್ಟು ನೋಡಿದ್ರೆ 81. ಅಮ್ಮ ನಮ್ಮನ್ನೆಲ್ಲ ನೋಡಿ ಮೊದಲು ಕೇಳಿದ್ದು, "ಯಾಕೆ ಎಲ್ಲರೂ ಇಲ್ಲಿ ನಿಂತಿದ್ದೀರಾ? ತಿಂಡಿ ಆಯ್ತಾ ಎಲ್ಲರದೂ?"

ಅವತ್ತು ನಮಗೆಲ್ಲ ತಿಂಡಿ ಆಗಿತ್ತು. ಚಿತ್ರಾನ್ನ. ಮಾಡಿ ಬಡಿಸಿದ್ದು ಅಮ್ಮನೇ.

ಮುಂದೆ ಹೋಗೋಕೆ ಮುಂಚೆ ಒಂದು ಮಾತು. ನಾನು ಡಾಕ್ಟರ್ ಅಲ್ಲ, ಡಯಟೀಷಿಯನ್ ಅಲ್ಲ. ಓದಿದ್ದು ಬಿ.ಕಾಂ. ಎರಡು ವರ್ಷ ಆಡಿಟರ್ ಆಫೀಸಿನಲ್ಲಿ ಜಿಎಸ್‌ಟಿ ರಿಟರ್ನ್ ಹಾಕಿದವನು. ನಾನು ಹೇಳ್ತಿರೋದು ನಮ್ಮ ಮನೆಯಲ್ಲಿ ಏನು ತಪ್ಪಾಯ್ತು, ಏನು ಸರಿಹೋಯ್ತು ಅನ್ನೋದನ್ನ. ನಿಮ್ಮ ಮಾತ್ರೆ, ನಿಮ್ಮ ಅಳತೆ ನಿಮ್ಮ ಡಾಕ್ಟರನ್ನೇ ಕೇಳಬೇಕು.

ಇದು ನಮ್ಮ ಒಂದು ಮನೆಯ ಕಥೆ ಏನಲ್ಲ. ಐಸಿಎಂಆರ್ ದೇಶದ ಎಲ್ಲ ರಾಜ್ಯಗಳಲ್ಲಿ ಮಾಡಿಸಿದ ದೊಡ್ಡ ಅಧ್ಯಯನ 2023ರಲ್ಲಿ ಪ್ರಕಟವಾಯ್ತು. ಅದರ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಈ 13.6 ಕೋಟಿ ಅನ್ನೋ ಸಂಖ್ಯೆಯನ್ನ ನೆನಪಿಟ್ಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತೆ.

ಆ ಶನಿವಾರ ಸಂಜೆಯೇ ಡಾಕ್ಟರ್ ಹತ್ತಿರ ಹೋದ್ವಿ. ಅವರು ಕೇಳಿದ ಮೊದಲ ಪ್ರಶ್ನೆ, "ನೀವು ಉಪವಾಸ ಮಾಡ್ತೀರಾ ಅಂತ ನನಗೆ ಯಾವತ್ತು ಹೇಳಿದ್ರಿ?" ಹೇಳಿರಲಿಲ್ಲ. ನಮಗೆ ಅದು ಹೇಳಬೇಕಾದ ವಿಷಯ ಅಂತಲೇ ಅನಿಸಿರಲಿಲ್ಲ.

ಅವರು ಬಿಡಿಸಿ ಹೇಳಿದ್ರು. ಅಮ್ಮ ತಗೊಳ್ತಿದ್ದ ಮಾತ್ರೆಯಲ್ಲಿ ಎರಡು ಔಷಧ ಇತ್ತು. ಒಂದು ಮೆಟ್‌ಫಾರ್ಮಿನ್, ಇನ್ನೊಂದು ಗ್ಲಿಮೆಪಿರೈಡ್. ಮೆಟ್‌ಫಾರ್ಮಿನ್ ಒಂದನ್ನೇ ತಗೊಂಡ್ರೆ ಸಾಮಾನ್ಯವಾಗಿ ಶುಗರ್ ಇಷ್ಟು ಕೆಳಗೆ ಬೀಳಲ್ಲ. ಗ್ಲಿಮೆಪಿರೈಡ್ ಹಾಗಲ್ಲ. ಅದು ಮೇದೋಜ್ಜೀರಕ ಗ್ರಂಥಿಯಿಂದ ಇನ್ಸುಲಿನ್ ಬಿಡಿಸುತ್ತೆ. ಹೊಟ್ಟೆಗೆ ಊಟ ಬಿದ್ದಿದೆಯೋ ಇಲ್ಲವೋ ಅಂತ ಅದು ಕಾಯ್ತಾ ಕೂರಲ್ಲ. ಇನ್ಸುಲಿನ್ ಚುಚ್ಚಿಕೊಳ್ಳೋರಿಗೂ ಇದೇ ಅಪಾಯ. ಅಂದ್ರೆ ಊಟಕ್ಕೂ ಮಾತ್ರೆಗೂ ಒಂದು ಒಪ್ಪಂದ ಇದೆ. ಊಟ ಬದಲಾದ್ರೆ ಮಾತ್ರೆಯನ್ನೂ ನೋಡಬೇಕು. ಇದು ಉಪವಾಸಕ್ಕೆ ಮಾತ್ರ ಅಲ್ಲ. "ನಾಳೆಯಿಂದ ಅನ್ನ ಪೂರ್ತಿ ಬಿಟ್ಟುಬಿಡ್ತೀನಿ" ಅಂತ ಶಪಥ ಮಾಡೋರಿಗೂ ಅನ್ವಯ ಆಗುತ್ತೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಅದಕ್ಕೂ ನಾಲ್ಕು ತಿಂಗಳ ಮುಂಚೆ ಅಮ್ಮನಿಗೆ ಶುಗರ್ ಇದೆ ಅಂತ ಗೊತ್ತಾಗಿತ್ತು. ಎಚ್‌ಬಿಎ1ಸಿ 8.6 ಇತ್ತು. ಮಾತ್ರೆ ಜೊತೆಗೆ ಒಂದು ಡಯಟ್ ಚಾರ್ಟ್ ಕೊಟ್ಟಿದ್ರು. ಅದನ್ನ ಫ್ರಿಡ್ಜ್ ಬಾಗಿಲಿಗೆ ಅಂಟಿಸಿದ್ವಿ. ಅದು ನಮ್ಮ ದೊಡ್ಡ ಸಾಧನೆ. ಮೂರು ತಿಂಗಳಾದ ಮೇಲೆ ನೋಡಿದ್ರೆ 8.5.

ಈ ಎಚ್‌ಬಿಎ1ಸಿ ಗೊತ್ತಿಲ್ಲದವರಿಗೆ ನನ್ನ ಭಾಷೆಯಲ್ಲಿ ಹೇಳ್ತೀನಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡೋ ಶುಗರ್ ಇದೆಯಲ್ಲ, ಅದು ಗಲ್ಲಾಪೆಟ್ಟಿಗೆಯಲ್ಲಿ ಇವತ್ತು ಎಷ್ಟು ದುಡ್ಡಿದೆ ಅನ್ನೋ ಲೆಕ್ಕ. ಎಚ್‌ಬಿಎ1ಸಿ ಅನ್ನೋದು ಎರಡು-ಮೂರು ತಿಂಗಳ ಸರಾಸರಿ ಲೆಕ್ಕ. ಕೆಂಪು ರಕ್ತಕಣಕ್ಕೆ ಸುಮಾರು 120 ದಿನ ಆಯಸ್ಸು. ಅಷ್ಟೂ ದಿನ ಅದಕ್ಕೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಅಂತ ಇದು ಹೇಳುತ್ತೆ. ಟೆಸ್ಟ್‌ಗೆ ಹೋಗೋ ಎರಡು ದಿನ ಮುಂಚೆ ಅನ್ನ ಬಿಟ್ಟು, ಹಾಗಲಕಾಯಿ ತಿಂದು ಹೋದ್ರೆ ಖಾಲಿ ಹೊಟ್ಟೆಯ ಶುಗರ್ ಇಳಿದಿರಬಹುದು. ಎಚ್‌ಬಿಎ1ಸಿ ಮುಂದೆ ಆ ಆಟ ನಡೆಯಲ್ಲ. ಇದು 5.7ಕ್ಕಿಂತ ಕಡಿಮೆ ಇದ್ರೆ ಸರಿ, 5.7ರಿಂದ 6.4 ಹೊಸ್ತಿಲು, 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಸಕ್ಕರೆ ಕಾಯಿಲೆ.

ಹಾಗಾದ್ರೆ ಚಾರ್ಟ್ ಇದ್ರೂ ಯಾಕೆ ಇಳೀಲಿಲ್ಲ? ನಾವು ಅಮ್ಮನನ್ನೇ ಬೈದ್ವಿ. "ನೀನು ಕದ್ದು ಸಿಹಿ ತಿಂತೀಯ" ಅಂತ ಅಪ್ಪ ಅಂದ್ರು. ನಾನೂ ಹಾಗೇ ಅಂದ್ಕೊಂಡಿದ್ದೆ, ಸುಳ್ಳು ಹೇಳಲ್ಲ. ಆಡಿಟರ್ ಆಫೀಸಿನಲ್ಲಿ ನಮ್ಮ ಸೀನಿಯರ್ ಒಂದು ಮಾತು ಹೇಳ್ತಿದ್ರು. ಲೆಕ್ಕ ತಾಳೆ ಆಗ್ಲಿಲ್ಲ ಅಂದ್ರೆ ಯಾರನ್ನೂ ಬೈಬೇಡ, ವೋಚರ್ ತೆಗೆದು ನೋಡು ಅಂತ. ಆ ಶನಿವಾರ ಆದ ಮೇಲೆ ನಾನು ವೋಚರ್ ತೆಗೆದೆ. ಒಂದು ನೋಟ್‌ಬುಕ್ ಇಟ್ಟು ಒಂದು ವಾರ ಅಮ್ಮ ಎಷ್ಟು ಹೊತ್ತಿಗೆ ಏನು ತಿಂತಾರೆ ಅಂತ ಬರೆದೆ.

ಅದರಲ್ಲಿ ಸಿಕ್ಕಿದ್ದು ಇದು.

ಮೊದಲನೆಯದು, ಹೊತ್ತು. ಚಾರ್ಟ್‌ನಲ್ಲಿ ತಿಂಡಿ ಎಂಟಕ್ಕೆ, ಊಟ ಒಂದಕ್ಕೆ, ರಾತ್ರಿ ಊಟ ಎಂಟಕ್ಕೆ ಅಂತ ಇತ್ತು. ಅಮ್ಮನ ದಿನ ಐದೂವರೆಗೆ ಶುರು. ತಂಗಿಯ ಡಬ್ಬಿ, ಅಪ್ಪನ ಡಬ್ಬಿ, ಅಜ್ಜಿಯ ತಿಂಡಿ, ನಾನು ಎದ್ದ ಮೇಲೆ ನನಗೆ ಬಿಸಿ ದೋಸೆ. ಎಲ್ಲರದೂ ಮುಗಿದು ಅಮ್ಮ ಕೂರೋ ಹೊತ್ತಿಗೆ ಹತ್ತೂಕಾಲು. ಮಾತ್ರೆ ಏಳೂವರೆಗೆ, ತಿಂಡಿ ಹತ್ತೂಕಾಲಿಗೆ! ಶನಿವಾರ ಆದದ್ದು ಆಕಸ್ಮಿಕ ಅಲ್ಲ. ದಿನಾ ಸ್ವಲ್ಪ ಸ್ವಲ್ಪ ಆಗ್ತಾನೇ ಇತ್ತು. "ಒಂಬತ್ತು ಗಂಟೆ ಹೊತ್ತಿಗೆ ಒಂಥರಾ ಸುಸ್ತು ಕಣಪ್ಪ" ಅಂತ ಅಮ್ಮ ಹೇಳ್ತಿದ್ದದ್ದು ಆಗ ನೆನಪಾಯ್ತು. ಮಧ್ಯಾಹ್ನದ ಊಟ ಮೂರು ಗಂಟೆಗೆ. ರಾತ್ರಿ ಅಪ್ಪ ಅಂಗಡಿ ಬಾಗಿಲು ಹಾಕಿ ಬರೋದು ಒಂಬತ್ತೂವರೆಗೆ, ಅಮ್ಮನ ಊಟ ಹತ್ತಕ್ಕೆ, ಹತ್ತೂವರೆಗೆ ಮಲಗೋದು.

ಎರಡನೆಯದು, ಉಳಿದದ್ದು. ಮಧ್ಯಾಹ್ನ ಮೂರಕ್ಕೆ ಪಾತ್ರೆಯಲ್ಲಿ ಏನು ಉಳಿದಿರುತ್ತೆ ಹೇಳಿ? ಪಲ್ಯ ಖಾಲಿ. ಕಾಳು ಖಾಲಿ. ಉಳಿದಿರೋದು ಅನ್ನ, ಸಾರಿನ ತಿಳಿ, ಮಜ್ಜಿಗೆ. ಅನ್ನ ಎಷ್ಟಿದ್ರೂ ಅಮ್ಮ ಹಾಕ್ಕೊಂಡು ಬಿಡ್ತಿದ್ರು. "ಚೆಲ್ಲೋಕಾಗುತ್ತಾ? ಅನ್ನ ಅದು." ಬೆಳಿಗ್ಗೆ ಉಳಿದ ಎರಡು ಇಡ್ಲಿ, ತಂಗಿ ಡಬ್ಬಿಯಲ್ಲಿ ವಾಪಸ್ ತಂದ ಅರ್ಧ ಚಪಾತಿ, ಎಲ್ಲಾ ಅಮ್ಮನ ಖಾತೆಗೆ ಜಮಾ. ಚಾರ್ಟ್‌ನಲ್ಲಿ 'ಒಂದು ಬಟ್ಟಲು ಅನ್ನ, ಎರಡು ಬಟ್ಟಲು ತರಕಾರಿ' ಅಂತ ಬರೆದಿದ್ರು. ತರಕಾರಿ ನಾವು ತಿಂದಿದ್ವಿ.

ಮೂರನೆಯದು, ಕಾಫಿ. ದಿನಕ್ಕೆ ಐದು ಲೋಟ. "ಸಕ್ಕರೆ ಬಿಟ್ಟಿದ್ದೀನಿ, ಬೆಲ್ಲ ಹಾಕ್ಕೊಳ್ತೀನಿ" ಅಂತ ಅಮ್ಮನಿಗೆ ಹೆಮ್ಮೆ. ಬೆಲ್ಲ ಕೂಡ ಬಹುಪಾಲು ಸಕ್ಕರೆಯೇ. ಕಬ್ಬಿಣದ ಅಂಶ, ಖನಿಜ ಸ್ವಲ್ಪ ಇರಬಹುದು, ಆದರೆ ರಕ್ತಕ್ಕೆ ಹೋದ ಮೇಲೆ ಬಣ್ಣ ನೋಡೋರು ಯಾರೂ ಇಲ್ಲ. ಲೋಟಕ್ಕೆ ಎರಡು ಚಮಚ, ಚಮಚಕ್ಕೆ 5 ಗ್ರಾಂ, ಐದು ಲೋಟಕ್ಕೆ 50 ಗ್ರಾಂ. ತಿಂಗಳಿಗೆ ಒಂದೂವರೆ ಕೆಜಿ ಬೆಲ್ಲ, ಬರೀ ಕಾಫಿಯಲ್ಲಿ! ಸೇರಿಸಿದ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ದಾಟದಿದ್ರೆ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಆರೋಗ್ಯವಾಗಿರೋ ದೊಡ್ಡವರಿಗೆ.

ನೋಟ್‌ಬುಕ್ ನೋಡಿದ ಮೇಲೆ ಅಪ್ಪ ಸುಮ್ಮನಾದ್ರು. ಅಮ್ಮ ಕದ್ದು ತಿಂದದ್ದು ಏನೂ ಇರಲಿಲ್ಲ. ನಾವು ಬಿಟ್ಟದ್ದನ್ನ ತಿಂದಿದ್ರು. ಚಾರ್ಟ್ ಬರೆದಿದ್ದು ಅಮ್ಮನ ಹೆಸರಿಗೆ. ಬದಲಾಗಬೇಕಾಗಿದ್ದದ್ದು ನಾವು ಐದು ಜನ.

ಸರಿ, ಏನು ಬದಲಾಯಿಸಿದ್ವಿ ಅಂತ ಹೇಳೋಕೆ ಮುಂಚೆ, ನಾವು ನಂಬಿದ್ದ ಇನ್ನೊಂದೆರಡು ವಿಷಯ ಹೇಳಿಬಿಡ್ತೀನಿ. ಯಾಕಂದ್ರೆ ನೀವೂ ನಂಬಿರ್ತೀರಿ.

ಒಂದು, ರಾಗಿ. "ಶುಗರ್‌ಗೆ ರಾಗಿ ಒಳ್ಳೇದು" ಅಂತ ಅಮ್ಮನ ಮುದ್ದೆ ಸೈಜ್ ದೊಡ್ಡದಾಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಪಟ್ಟಿ ನೋಡಿದೆ. 100 ಗ್ರಾಂ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಪಿಷ್ಟ, ಅಂದ್ರೆ ಕಾರ್ಬೋಹೈಡ್ರೇಟ್, ಸುಮಾರು 78 ಗ್ರಾಂ. ರಾಗಿಯಲ್ಲಿ ಸುಮಾರು 67 ಗ್ರಾಂ. ಅಂಥ ಭಾರೀ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರೋದು ನಾರಿನಲ್ಲಿ. ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ, ರಾಗಿಯಲ್ಲಿ ಸುಮಾರು 11 ಗ್ರಾಂ. ರಾಗಿ ಹಿಟ್ಟನ್ನ ನುಣ್ಣಗೆ ಬೀಸಿ, ಜರಡಿ ಹಿಡಿದು, ತೆಳ್ಳಗೆ ಗಂಜಿ ಮಾಡಿ ಕುಡಿದ್ರೆ ಆ ಲಾಭದಲ್ಲೂ ಸೋರಿಕೆ. ರಾಗಿ ಒಳ್ಳೇದು, ಖಂಡಿತ. ಆದರೆ ಒಂದು ಮುದ್ದೆ ಬದಲು ಎರಡು ಉಂಡ್ರೆ ಒಳ್ಳೇದು ಇಮ್ಮಡಿ ಆಗಲ್ಲ, ಪಿಷ್ಟ ಇಮ್ಮಡಿ ಆಗುತ್ತೆ.

ಸಿರಿಧಾನ್ಯದ ಕಥೆಯೂ ಅಷ್ಟೇ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಆಗಿತ್ತಲ್ಲ, ಆಮೇಲೆ ಎಲ್ಲರ ಮನೆಗೂ ನವಣೆ, ಸಾಮೆ ಬಂತು. ನಮ್ಮ ಮನೆಗೂ ಬಂತು. ಸೋನಾ ಮಸೂರಿಗಿಂತ ಜಾಸ್ತಿ ದುಡ್ಡು ಕೊಟ್ಟು ತಂದು, ನವಣೆ ಬಿಸಿಬೇಳೆಬಾತ್ ಮಾಡಿ, ಆರೋಗ್ಯ ಅಂತ ಎರಡು ಪ್ಲೇಟ್ ತಿಂದ್ವಿ. 2025ರಲ್ಲಿ ಅದೇ ಐಸಿಎಂಆರ್ ಅಧ್ಯಯನದ ಆಹಾರದ ಲೆಕ್ಕ ಹೊರಗೆ ಬಂತು. ಭಾರತೀಯರು ತಿನ್ನೋ ಕ್ಯಾಲೊರಿಯಲ್ಲಿ ಸುಮಾರು 62 ಶೇಕಡಾ ಕಾರ್ಬೋಹೈಡ್ರೇಟ್‌ನಿಂದಲೇ ಬರುತ್ತಂತೆ. ಬಿಳಿ ಅಕ್ಕಿ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ಬಳಸಿದ ಮಾತ್ರಕ್ಕೆ, ಒಟ್ಟು ಪಿಷ್ಟ ಕಡಿಮೆ ಆಗದೇ ಇದ್ರೆ, ಅಪಾಯ ಕಡಿಮೆ ಆಗಲ್ಲ ಅಂತ ಅದರ ಸಾರ. ಅದರ ಬದಲು ಪಿಷ್ಟದ ಒಂದು ಪಾಲು ತೆಗೆದು ಆ ಜಾಗಕ್ಕೆ ಕಾಳು, ಬೇಳೆ, ಹಾಲು-ಮೊಸರು ತಂದ್ರೆ ಲಾಭ ಇದೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಖರ್ಚನ್ನ ಒಂದು ಹೆಡ್‌ನಿಂದ ಇನ್ನೊಂದು ಹೆಡ್‌ಗೆ ಬರೆದ್ರೆ ಒಟ್ಟು ಖರ್ಚು ಇಳಿಯಲ್ಲ.

ಎರಡು, ಮೆಂತ್ಯದ ನೀರು, ಹಾಗಲಕಾಯಿ ರಸ. ತಗೊಳ್ಳಿ, ಇಷ್ಟ ಇದ್ರೆ. ಮೆಂತ್ಯದಲ್ಲಿ ನಾರು ಇದೆ. ಆದರೆ ಮಾತ್ರೆ ಬದಲು ಅಲ್ಲ. ನಮ್ಮ ಸಂಬಂಧಿಕರೊಬ್ಬರು ಅಮ್ಮನಿಗೆ, "ಮಾತ್ರೆ ಬಿಟ್ಟು ಇದನ್ನ ಕುಡಿ, ಮೂರೇ ತಿಂಗಳು" ಅಂದಿದ್ರು. ಆ ಸಲಹೆ ಕೊಟ್ಟವರು ರಿಪೋರ್ಟ್ ನೋಡೋಕೆ ಬರಲ್ಲ.

ಈಗ ನಾವು ಮಾಡಿದ ಬದಲಾವಣೆಗಳು. ಯಾವುದೂ ದೊಡ್ಡದಲ್ಲ.

ಮೊದಲು ಹೊತ್ತು ಸರಿ ಮಾಡಿದ್ವಿ. ಡಾಕ್ಟರ್ ಮಾತ್ರೆ ಬದಲಾಯಿಸಿದ್ರು, ಯಾವ ಊಟದ ಜೊತೆ ಯಾವುದು ಅಂತ ಬರೆದುಕೊಟ್ರು. ಎಂಟು ಗಂಟೆಗೆ ಅಮ್ಮ ತಿಂಡಿಗೆ ಕೂರಲೇಬೇಕು. ಆ ಹೊತ್ತಿಗೆ ಯಾರಿಗೆ ದೋಸೆ ಬೇಕೋ ಅವರೇ ಹುಯ್ಕೊಳ್ಬೇಕು. ನನ್ನ ಮೊದಲ ದೋಸೆ ಕರ್ನಾಟಕದ ನಕ್ಷೆ ತರಹ ಬಂತು, ಪರವಾಗಿಲ್ಲ. ರಾತ್ರಿ ಊಟ ಎಂಟಕ್ಕೆ. ಅಪ್ಪನಿಗೆ ಮುಚ್ಚಿಟ್ಟಿರ್ತೀವಿ, ಬಂದು ಅವರೇ ಬಿಸಿ ಮಾಡ್ಕೊಳ್ತಾರೆ. ಇದಕ್ಕೆ ಅಮ್ಮನೇ ಮೊದಲು ಒಪ್ಪಲಿಲ್ಲ. "ಗಂಡಸರು ಹಸ್ಕೊಂಡು ಬರ್ತಾರೆ, ನಾನು ಮೊದಲೇ ಉಂಡು ಕೂರಲಾ? ಜನ ಏನಂತಾರೆ?" ಅಂದ್ರು. ಆಗ ಮಾತಾಡಿದ್ದು ಅಜ್ಜಿ. "ಜನ ಬಂದು ನಿನ್ನ ಎತ್ತಿ ಕೂರಿಸ್ತಾರೇನೇ? ಉಣ್ಣು ಸುಮ್ನೆ." ಅಷ್ಟೇ, ಮುಗೀತು. ಅತ್ತೆಯ ಮಾತು ಡಾಕ್ಟರ್ ಮಾತಿಗಿಂತ ಜೋರು.

ಆಮೇಲೆ ತಟ್ಟೆಯ ಕ್ರಮ. ಬಾಳೆ ಎಲೆ ಊಟದಲ್ಲಿ ಮೊದಲು ಏನು ಬಡಿಸ್ತಾರೆ? ಕೋಸಂಬರಿ, ಪಲ್ಯ. ಅನ್ನ ಬರೋದು ಆಮೇಲೆ. ನಾವು ಅನ್ನ ಬರೋವರೆಗೂ ಕೈಕಟ್ಟಿ ಕಾಯ್ತಾ ಕೂರ್ತೀವಿ. ತರಕಾರಿ, ಕಾಳು ಮೊದಲು ತಿಂದು, ಅನ್ನ ಕೊನೆಗೆ ತಿಂದ್ರೆ ಊಟದ ನಂತರದ ಶುಗರ್ ಅಷ್ಟು ಎತ್ತರಕ್ಕೆ ಹಾರಲ್ಲ ಅಂತ ಅಧ್ಯಯನಗಳು ತೋರಿಸಿವೆ. ನಾವು ಮಾಡಿದ್ದು ಇಷ್ಟೇ: ಬಡಿಸಿದ ಕೋಸಂಬರಿ, ಪಲ್ಯ ಪೂರ್ತಿ ತಿಂದ ಮೇಲೇ ಅನ್ನದ ಪಾತ್ರೆ ಮುಚ್ಚಳ ತೆಗೆಯೋದು. ಹೆಸರುಬೇಳೆ ನೆನೆಸಿ, ಸೌತೆಕಾಯಿ ಹೆಚ್ಚಿ ಹಾಕಿದ್ರೆ ಕೋಸಂಬರಿ. ಇದಕ್ಕೆ ಯಾವ ಸೂಪರ್‌ಮಾರ್ಕೆಟ್ಟೂ ಬೇಡ.

ಮೂರನೆಯದು ಅಳತೆ. ಅನ್ನಕ್ಕೆ ಒಂದು ಬಟ್ಟಲು ಗೊತ್ತು ಮಾಡಿದ್ವಿ. ಮುದ್ದೆ ಮೊದಲಿನ ಅರ್ಧ. ಮುದ್ದೆ ಉಂಡ ದಿನ ಅನ್ನ ಇಲ್ಲ, ಎರಡರಲ್ಲಿ ಒಂದು. ಕಡಿಮೆ ಆದ ಜಾಗಕ್ಕೆ ಬಸ್ಸಾರಿನ ಪಲ್ಯ, ಹುರುಳಿಕಾಳು, ಅಲಸಂದೆ, ದಂಟಿನ ಸೊಪ್ಪು, ವಾರದಲ್ಲಿ ಮೂರು ದಿನ ಮೊಟ್ಟೆ. ನಮ್ಮ ತುಮಕೂರು ಕಡೆಯ ಉಪ್ಸಾರು, ಬಸ್ಸಾರು, ಮಸ್ಸೊಪ್ಪು ಇವೆಲ್ಲ ಕಾಳು-ಸೊಪ್ಪಿನ ಅಡುಗೆಗಳೇ. ನಾವು ಸಾರು ಹುಯ್ಕೊಂಡು ಕಾಳು-ಸೊಪ್ಪನ್ನ ತಟ್ಟೆ ಅಂಚಿಗೆ ತಳ್ತಿದ್ವಿ ಅಷ್ಟೇ. ತಿಂಡಿಗೆ ವಾರದಲ್ಲಿ ಎರಡು ದಿನ ಹೆಸರುಕಾಳಿನ ದೋಸೆ. ಇಡ್ಲಿ ದಿನ ಎರಡೇ ಇಡ್ಲಿ, ಜೊತೆಗೆ ತರಕಾರಿ ಜಾಸ್ತಿ ಹಾಕಿದ ಸಾಂಬಾರ್. ಆವಿಯಲ್ಲಿ ಬೆಂದದ್ದು, ಎಣ್ಣೆ ಇಲ್ಲ ಅಂತ ಇಡ್ಲಿಯನ್ನ ಆರು ತಿಂದ್ರೂ ಅದು ಅಕ್ಕಿಯೇ. ಒಂದು ಎಚ್ಚರಿಕೆ: ಕಿಡ್ನಿ ತೊಂದರೆ ಇರೋರು ಕಾಳು, ಮೊಟ್ಟೆ ಎಷ್ಟು ತಿನ್ನಬಹುದು ಅಂತ ಡಾಕ್ಟರನ್ನ ಕೇಳಿಯೇ ಶುರು ಮಾಡಿ.

ಹಣ್ಣಿನ ವಿಷಯ ಕೇಳ್ತಾರೆ ತುಂಬ ಜನ. ಹಣ್ಣನ್ನ ಹಣ್ಣಾಗಿ ತಿನ್ನಿ, ಜ್ಯೂಸ್ ಬೇಡ. ಸೀಬೆಹಣ್ಣು, ಕಿತ್ತಳೆ ನಮ್ಮ ಮನೆಯಲ್ಲಿ ನಡೆಯುತ್ತೆ. ಮಾವಿನ ಕಾಲದಲ್ಲಿ ಎರಡು ಹೋಳು, ಅದೂ ಊಟದ ಮೇಲೆ ಅಲ್ಲ.

ನಾಲ್ಕನೆಯದು ಕಾಫಿ. ಐದರಿಂದ ಎರಡು ಲೋಟಕ್ಕೆ ಬಂತು, ಬೆಲ್ಲ ಎರಡು ಚಮಚದಿಂದ ಒಂದು, ಅರ್ಧ, ಆಮೇಲೆ ಇಲ್ಲ. ಒಂದೇ ದಿನ ಬಿಡಿಸಿಲ್ಲ, ಎರಡು ತಿಂಗಳು ಹಿಡೀತು. ಆ ಎರಡು ತಿಂಗಳು ಮನೆಯಲ್ಲಿ ಎಲ್ಲರದೂ ಅದೇ ಕಾಫಿ. ಅಮ್ಮನಿಗೆ ಒಂದು, ನಮಗೆ ಒಂದು ಅಂತ ಎರಡು ಥರ ಮಾಡಿದ್ರೆ ಅದು ಶಿಕ್ಷೆ ಆಗುತ್ತೆ.

ಐದನೆಯದು ಉಳಿದದ್ದು. ಒಂದು ಪಾವು ಅಕ್ಕಿ ಕಡಿಮೆ ಇಡೋಕೆ ಶುರು ಮಾಡಿದ್ವಿ. ಆದ್ರೂ ಉಳಿದ್ರೆ ಡಬ್ಬಿಗೆ ಹಾಕಿ ಫ್ರಿಡ್ಜ್‌ಗೆ. ಮಾರನೇ ದಿನ ಅದರ ಚಿತ್ರಾನ್ನ ತಿನ್ನೋದು ನಾನು ಮತ್ತು ತಂಗಿ. ಉಳಿದದ್ದಕ್ಕೆ ಅಮ್ಮ ಜವಾಬ್ದಾರಿ ಅಲ್ಲ.

ಆರನೆಯದು, ರಾತ್ರಿ ಊಟ ಆದ ಮೇಲೆ 15 ನಿಮಿಷ ನಡಿಗೆ. ನಮ್ಮ ರಸ್ತೆಯ ತುದಿಯ ಅರಳಿಕಟ್ಟೆವರೆಗೂ ಹೋಗಿ ಬರೋದು. ನಡೆಯುವಾಗ ಸ್ನಾಯುಗಳು ರಕ್ತದಲ್ಲಿರೋ ಸಕ್ಕರೆಯನ್ನ ಬಳಸ್ಕೊಳ್ತವೆ. ಅಮ್ಮ ಮತ್ತು ಎದುರು ಮನೆ ಅಕ್ಕ ಇಬ್ಬರೂ ಹೋಗ್ತಾರೆ. 15 ನಿಮಿಷ ಅಂತ ಹೋದವರು 40 ನಿಮಿಷ ಬಿಟ್ಟು ಬರ್ತಾರೆ, ಆ ಮಾತು ಬೇರೆ.

ಹಬ್ಬ, ಮದುವೆ? ಅಲ್ಲೇ ಕಷ್ಟ. "ಒಂದು ದಿನ ತಿಂದ್ರೆ ಏನೂ ಆಗಲ್ಲ, ತಗೋ" ಅಂತ ಬಡಿಸೋರು ಎಲ್ಲ ಕಡೆ ಇರ್ತಾರೆ. ಯುಗಾದಿಗೆ ಅಮ್ಮನೇ ಹೋಳಿಗೆ ತಟ್ಟಿ, ತಾವು ತಿನ್ನದೇ ಇರೋದನ್ನ ನೋಡೋಕೆ ನಮಗೆ ಆಗಲ್ಲ. ಡಾಕ್ಟರನ್ನೇ ಕೇಳಿದ್ವಿ. ಅರ್ಧ ಹೋಳಿಗೆ ತಿನ್ನಲಿ, ಅವತ್ತು ಆ ಊಟದಲ್ಲಿ ಅನ್ನ ಬೇಡ ಅಂದ್ರು. ಹೊಸ ಖರ್ಚು ಬಂದಾಗ ಬೇರೆ ಕಡೆ ಕಡಿತ. ಮನೆ ನಡೆಸೋ ಯಾವ ಹೆಂಗಸಿಗೂ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ.

ಉಪವಾಸದ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಇದು ತುಂಬಾ ಮುಖ್ಯ. ಅಮ್ಮ ಶನಿವಾರ ಬಿಡಲ್ಲ ಅಂದ್ರು. ನಾವೂ ಬಿಡು ಅನ್ನಲಿಲ್ಲ, ಡಾಕ್ಟರ್ ಜೊತೆ ಕೂತು ಮಾತಾಡಿದ್ವಿ. ಈಗ ಶನಿವಾರ ಅಮ್ಮ ಅನ್ನ ಮುಟ್ಟಲ್ಲ, ಆದರೆ ಹೊತ್ತು ಹೊತ್ತಿಗೆ ಹೆಸರುಬೇಳೆ ಉಸಲಿ, ಮೊಸರು, ಹಣ್ಣು ಇರುತ್ತೆ. ಮಾತ್ರೆಯನ್ನ ಡಾಕ್ಟರ್ ಆ ದಿನಕ್ಕೆ ತಕ್ಕ ಹಾಗೆ ಬರೆದುಕೊಟ್ಟಿದ್ದಾರೆ. ನಿಮ್ಮ ಮನೆಯಲ್ಲಿ ಸಂಕಷ್ಟಿ, ಏಕಾದಶಿ, ರಂಜಾನ್ ಏನೇ ಇರಲಿ, ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರು ಮೊದಲೇ ಡಾಕ್ಟರ್‌ಗೆ ಹೇಳಿ. ಖಾಸಗಿಯಾಗಿ ತೋರಿಸೋಕೆ ದುಡ್ಡಿಲ್ಲ ಅನ್ನೋರು ತಾಲ್ಲೂಕು, ಜಿಲ್ಲಾ ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಕೇಳಿ. ಸಕ್ಕರೆ ಕಾಯಿಲೆ, ಬಿಪಿ ನೋಡೋಕೇ ಅದು ಇರೋದು.

ಮತ್ತೆ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಶುಗರ್ ಮಾತ್ರೆ ತಗೊಳ್ಳೋರಿಗೆ ಇದ್ದಕ್ಕಿದ್ದ ಹಾಗೆ ಬೆವರು, ನಡುಕ, ಎದೆ ಡವಡವ, ಗೊಂದಲದ ಮಾತು ಬಂದ್ರೆ ಮೊದಲು ಶುಗರ್ ಇಳಿದಿದೆಯಾ ಅಂತ ನೋಡಿ. 70ಕ್ಕಿಂತ ಕಡಿಮೆ ಇದ್ರೆ ಸುಮಾರು 15 ಗ್ರಾಂ, ಅಂದ್ರೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿ ನೀರಲ್ಲಿ ಕೊಡಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರಿಲ್ಲ ಅಂದ್ರೆ ಇನ್ನೊಂದು ಸಲ ಕೊಡಿ. ಏರಿದ ಮೇಲೆ ಸರಿಯಾದ ಊಟ ಮಾಡಿಸಿ, ಡಾಕ್ಟರ್‌ಗೆ ತಿಳಿಸಿ, ಯಾಕಂದ್ರೆ ಮತ್ತೆ ಇಳಿಯಬಹುದು. ಮೀಟರ್ ಕೈಗೆ ಸಿಗಲಿಲ್ಲ ಅಂದ್ರೆ ಹುಡುಕ್ತಾ ಕೂರಬೇಡಿ, ಸಕ್ಕರೆ ಕೊಟ್ಟುಬಿಡಿ. ಪ್ರಜ್ಞೆ ಇಲ್ಲ ಅಂದ್ರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಈಗ ರಿಪೋರ್ಟ್. ಆರು ತಿಂಗಳಿಗೆ ಅಮ್ಮನ ಎಚ್‌ಬಿಎ1ಸಿ 8.5ರಿಂದ 7.2ಕ್ಕೆ ಬಂತು. ಆಮೇಲೆ ದಸರಾ, ದೀಪಾವಳಿ, ಎರಡು ಮದುವೆ ಆಗಿ 7.5. ಈಗ ಮತ್ತೆ 7.1. ಶುಗರ್ ವಾಸಿ ಆಗಿದೆ ಅಂತ ನಾನು ಹೇಳಲ್ಲ. ಮಾತ್ರೆ ಇದೆ, ಇರುತ್ತೆ. ಆದರೆ ಆ ಶನಿವಾರದ ಥರ ಇನ್ನೊಂದು ದಿನ ಬಂದಿಲ್ಲ.

13.6 ಕೋಟಿ ಅಂದೆನಲ್ಲ ಆಗ. ಅಮ್ಮನಿಗೆ ಟೆಸ್ಟ್ ಮಾಡಿಸೋವಾಗ ಡಾಕ್ಟರ್, "ನೀವೂ ಎಲ್ಲರೂ ಒಂದು ಸಲ ಮಾಡಿಸಿ" ಅಂದ್ರು. ಅಪ್ಪನದು 5.9. ನನ್ನದು 5.8. ನನಗಿನ್ನೂ 28 ವರ್ಷ. ತೆಳ್ಳಗಿದ್ದೀನಿ, ನನಗೇನಾಗುತ್ತೆ ಅಂದ್ಕೊಂಡವನು. ಅಪ್ಪ-ಅಮ್ಮನಲ್ಲಿ ಯಾರಿಗಾದ್ರೂ ಇದ್ರೆ ಮಕ್ಕಳಿಗೆ ಬರೋ ಸಾಧ್ಯತೆ ಹೆಚ್ಚು ಅಂತ ಗೊತ್ತಿದ್ದೂ ನಾನು ರಾತ್ರಿ ಹನ್ನೊಂದಕ್ಕೆ ಎಡಿಟಿಂಗ್ ಮಾಡ್ತಾ ಬಿಸ್ಕೆಟ್ ತಿಂತಾ ಕೂರ್ತಿದ್ದೆ. ಅಮ್ಮನಿಗೋಸ್ಕರ ತಟ್ಟೆ ಬದಲಾಯಿಸ್ತಿದ್ದೀವಿ ಅಂತ ದೊಡ್ಡಸ್ತಿಕೆಯಿಂದ ಶುರು ಮಾಡಿದ್ದು. ಆ ತಟ್ಟೆ ನನಗೂ ಬೇಕಾಗಿತ್ತು.

ಕೊನೆಯದಾಗಿ ಒಂದು ಸಣ್ಣ ವಿಷಯ. ಅಮ್ಮ ನಮ್ಮ ಜೊತೆ ಕೂತು ಊಟ ಮಾಡೋಕೆ ಶುರು ಮಾಡಿ ಒಂದು ವಾರ ಆಗಿತ್ತು. ಒಂದು ತುತ್ತು ಬಾಯಿಗಿಟ್ಟು, "ಅಯ್ಯೋ, ಸಾರಿಗೆ ಉಪ್ಪು ಕಮ್ಮಿ ಆಗಿದೆ, ಯಾರೂ ಹೇಳಲೇ ಇಲ್ವಲ್ಲ" ಅಂದ್ರು. ನಾವೆಲ್ಲ ನಕ್ಕಿದ್ವಿ. ಆಮೇಲೆ ಯೋಚನೆ ಮಾಡಿದೆ. ಇಷ್ಟು ವರ್ಷ ಅಮ್ಮ ಬಿಸಿ ಸಾರನ್ನ ನಮ್ಮ ಜೊತೆ ಕೂತು ಉಂಡೇ ಇರಲಿಲ್ಲ.

ನಿಮ್ಮ ಮನೆಯಲ್ಲಿ ಇವತ್ತು ರಾತ್ರಿ ಕೊನೆಗೆ ಊಟಕ್ಕೆ ಕೂರೋರು ಯಾರು, ಅವರ ತಟ್ಟೆಯಲ್ಲಿ ಏನಿರುತ್ತೆ, ಒಂದು ಸಲ ನೋಡಿ. ಅವರಿಗೆ ಶುಗರ್ ಇರಲಿ, ಇಲ್ಲದೇ ಇರಲಿ. ನೋಡಿ ನನಗೆ ಬರೀರಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಹೊತ್ತು ಹೊತ್ತಿಗೆ ಊಟ ಮಾಡಿ. ನಮಸ್ಕಾರ.